ಕೇಳಿ ತೆಗೆದ ಚಿತ್ರ

ಜನವರಿ ೯

ಪ್ರೀತಿಯ ಅಕ್ಕನಿಗೆ,

ಮೂರನೇ ಊರಿಗೆ ಬಂದು ಐದು ದಿನವಾಯಿತು. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಎರಡನೇ ಮಹಡಿಯ ಕೋಣೆ. ಕಿಟಕಿ ತೆಗೆದರೆ ಬಸ್ಸುಗಳ ಹಾರನ್ನು, ಮುಚ್ಚಿದರೆ ಪಕ್ಕದ ಕೋಣೆಯವನ ಕೆಮ್ಮು. ಹಾರನ್ನೇ ವಾಸಿಯೆಂದು ತೆಗೆದಿಟ್ಟುಕೊಂಡಿದ್ದೇನೆ. ಒಂಟಿ ಹೆಂಗಸು ಊರೂರು ಅಲೆದರೆ ಏನೇನಾಗುತ್ತದೆ ಎಂದು ಭಾವ ಊಟದ ಹೊತ್ತಿಗೆಲ್ಲ ಹೇಳುತ್ತಿದ್ದರಲ್ಲ, ಅದರಲ್ಲಿ ಒಂದೂ ಆಗಿಲ್ಲ ಎಂದು ತಿಳಿಸು. ಕಾಲಿಗೆ ಬೊಬ್ಬೆ ಬಂದಿದೆ, ಅಷ್ಟೇ.

ಏಷ್ಯಾದ ಹತ್ತು ಊರುಗಳಲ್ಲಿ ಇಂಗ್ಲಿಷ್ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ನಿನ್ನ ಇಂಗ್ಲಿಷ್ ಪ್ರವಾಸಿ ಪತ್ರಿಕೆಗೆ ಬರೆಯುವುದು ಸುಲಭವೆಂದುಕೊಂಡಿದ್ದೆ. ಇಲ್ಲಿ ಯಾರನ್ನು ಕೇಳಿದರೂ ಖಚಿತವಾಗಿ ಕೈ ತೋರಿಸುತ್ತಾರೆ. ಹೋಗಿ ನೋಡಿದರೆ ಪೆನ್ಸಿಲು, ರಬ್ಬರು, ಪರೀಕ್ಷೆಯ ಗೈಡು. ಒಬ್ಬ ಹಲ್ಲಿನ ಡಾಕ್ಟರ ಬಳಿ ಇಂಗ್ಲಿಷ್ ಪುಸ್ತಕಗಳಿವೆ ಎಂದು ಕಳಿಸಿದರು. ಇದ್ದವು. ಎಲ್ಲವೂ ಹಲ್ಲಿನ ಮೇಲೆ.

ನಿನ್ನೆ ಕೊನೆಗೂ ಸಿಕ್ಕಿತು. ದರ್ಜಿ ಅಂಗಡಿಗೆ ಹತ್ತುವ ಮೆಟ್ಟಿಲು ನಡುವೆ ತಿರುಗುವಲ್ಲಿ ಒಂದು ಚಾಪೆಯಷ್ಟು ಜಾಗ. ಮೂರೂ ಕಡೆ ಗೋಡೆಗೆ ಹಣ್ಣಿನ ಪೆಟ್ಟಿಗೆ ಜೋಡಿಸಿ, ಅದರಲ್ಲಿ ಮುನ್ನೂರು ಪುಸ್ತಕ. ಪ್ರವಾಸಿಗಳು ಲಾಡ್ಜುಗಳಲ್ಲಿ ಬಿಟ್ಟುಹೋದವು. ಮಾರುವವಳಿಗೆ ಇಂಗ್ಲಿಷ್ ಮಾತು ತಕ್ಕಮಟ್ಟಿಗೆ ಬರುತ್ತದೆ, ಅಕ್ಷರ ಬರುವುದಿಲ್ಲ. ಆದ್ದರಿಂದ ಬಣ್ಣದ ಮೇಲೆ ಜೋಡಿಸಿದ್ದಾಳೆ. ಕೆಂಪು ಬೆನ್ನಿನವೆಲ್ಲ ಪ್ರೇಮಕಥೆ ಎಂಬುದು ಅವಳ ಲೆಕ್ಕ. ಹಾಗಾಗಿ ಕೋಳಿ ಸಾಕುವುದು ಹೇಗೆ ಎಂಬ ಪುಸ್ತಕ ಕೂಡ ಪ್ರೇಮಿಗಳ ನಡುವೆ ಕೂತಿದೆ. ಹೇಳಿದೆ. ಅವಳು ನಗಲಿಲ್ಲ. ಹೊರಗೆ ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟಳು. ಕೊಳ್ಳುವವರು ಬೆನ್ನು ನೋಡಿಯೇ ಕೊಳ್ಳುವುದಂತೆ.

ಚಿತ್ರ ತೆಗೆಯುವ ವಿಷಯದಲ್ಲಿ ಅವಸರ ಮಾಡಬೇಡ. ನನ್ನದೊಂದು ಕ್ರಮವಿದೆ. ಕ್ಯಾಮೆರಾಗೆ ಮುಚ್ಚಳ ಹಾಕಿಯೇ ಇರುತ್ತದೆ. ಮೊದಲು ಏನಾದರೂ ಕೊಂಡುಕೊಳ್ಳುವುದು, ಕೂರುವುದು, ಮಾತಾಡುವುದು. ಆಮೇಲೆ ಕ್ಯಾಮೆರಾ ತೋರಿಸಿ ಹುಬ್ಬೆತ್ತಿ ಕೇಳುವುದು. ತಲೆಯಲ್ಲಾಡಿಸಿದರೆ ಬೇಡ ಎಂದರ್ಥ. ನಗುತ್ತ ಅಲ್ಲಾಡಿಸಿದರೂ ಬೇಡ ಎಂದೇ ಅರ್ಥ. ಲಾಡ್ಜಿನಲ್ಲಿರುವ ಉಳಿದ ಪ್ರವಾಸಿಗಳು ಹಕ್ಕಿ ಹೊಡೆಯುವವರ ಹಾಗೆ ಮೂಲೆಯಲ್ಲಿ ಅಡಗಿ ಹೊಡೆಯುತ್ತಾರೆ. ನೋಡಿದರೆ ಮೈ ಉರಿಯುತ್ತದೆ.

ಶಾಲೆಯ ಕೆಲಸ ಬಿಟ್ಟು ಎಂಟು ತಿಂಗಳು ನಿನ್ನ ಮನೆಯಲ್ಲಿ ಕೂತು ಉಂಡವಳಿಗೆ ಈ ಕೆಲಸ ಕೊಡಿಸಿದ್ದೀಯ. ಹೆಸರು ಕೆಡಿಸುವುದಿಲ್ಲ.

ನಿನ್ನ ಪುಟ್ಟಿ


ಜನವರಿ ೨೫

ಪುಟ್ಟೀ,

ಬೊಬ್ಬೆಗೆ ಹತ್ತಿ ಸುತ್ತು, ಒಡೆಯಬೇಡ. ಭಾವನಿಗೆ ಹೇಳಿದೆ. "ಇನ್ನೂ ಏಳು ಊರಿದೆಯಲ್ಲ" ಅಂದರು. ಅವರ ಮಾತಿಗೆ ನೀನು ನಗು, ನಾನು ದಿನಾ ನಗುತ್ತೇನೆ. ನಿನ್ನ ಕೋಣೆಯಲ್ಲಿ ಈಗ ಇಸ್ತ್ರಿ ಮೇಜು ಹಾಕಿದ್ದಾರೆ. ನೀನು ಬಂದರೆ ಮಡಚಿಡಬಹುದು.

ಈಗ ಕೆಲಸದ ಮಾತು. ಬೇಜಾರು ಮಾಡಿಕೊಳ್ಳಬೇಡ. ಮೊದಲ ಎರಡು ಊರಿನ ಚಿತ್ರಗಳನ್ನು ಸಂಪಾದಕರ ಮುಂದಿಟ್ಟೆ. ಒಂದೊಂದನ್ನೂ ನೋಡಿ, "ನಿಮ್ಮ ತಂಗಿಗೆ ಮನುಷ್ಯರ ಬೆನ್ನು ಅಂದ್ರೆ ತುಂಬಾ ಇಷ್ಟ ಅಂತ ಕಾಣುತ್ತೆ" ಅಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಬೋರ್ಡು, ಕಪಾಟು, ಬೆನ್ನು, ಕೈ. ಮುಖವಿಲ್ಲದ ಪುಟವನ್ನು ಓದುವವರು ಮಗುಚಿ ಹಾಕುತ್ತಾರೆ. ಏಪ್ರಿಲ್ ಸಂಚಿಕೆಯೊಳಗೆ ಸರಿಹೋಗದಿದ್ದರೆ ಈ ಸರಣಿ ನಿಲ್ಲಿಸುತ್ತಾರಂತೆ. ನಿಂತರೆ ನಿನಗೆ ಕೆಲಸವಿಲ್ಲ, ತಂಗಿಯನ್ನು ತುರುಕಿದಳು ಎಂಬ ಮಾತು ನನಗೆ. ಹದಿನಾಲ್ಕು ವರ್ಷ ಬೇರೆಯವರ ಕಾಗುಣಿತ ತಿದ್ದಿಕೊಂಡು ಕೂತಿದ್ದೇನೆ. ಈ ಸಲ ಒಂದು ಮೆಟ್ಟಿಲು ಹತ್ತುವ ಆಸೆಯಿತ್ತು.

ಆ ಮೆಟ್ಟಿಲಿನ ಅಂಗಡಿ ಚೆನ್ನಾಗಿದೆ. ಮಾರುವವಳ ಮುಖ ಬೇಕು. ದಾರಿಯನ್ನೂ ಸರಿಯಾಗಿ ಬರೆ. ನಿಲ್ದಾಣದಿಂದ ಎಷ್ಟು ದೂರ, ಯಾವ ಕಡೆ ತಿರುವು, ಎಷ್ಟು ಮೆಟ್ಟಿಲು. ಓದಿದವರು ಕಣ್ಣುಮುಚ್ಚಿ ಹೋಗಿ ತಲುಪುವಂತಿರಬೇಕು.

ಕೇಳಿಯೇ ತೆಗೆ, ನಾನೇನು ಬೇಡವೆನ್ನುವುದಿಲ್ಲ. ಆದರೆ ಬೇಡ ಅಂದವರನ್ನು ಇನ್ನೊಂದು ಸಲ ಕೇಳಿದರೆ ಬಾಯಿ ಸವೆಯುವುದಿಲ್ಲ.

ಅಕ್ಕ


ಫೆಬ್ರವರಿ ೧೦

ಪ್ರೀತಿಯ ಅಕ್ಕನಿಗೆ,

ಎರಡು ವಾರವೆಂದು ಬಂದವಳು ಒಂದು ತಿಂಗಳು ಇದ್ದುಬಿಟ್ಟೆ. ಕಾರಣ ಆ ಪುಸ್ತಕದವಳೇ. ಬೆಳಗ್ಗೆ ಲಾಡ್ಜುಗಳಲ್ಲಿ ಪುಸ್ತಕ ಹುಡುಕುವ ಅವಳ ಜತೆ ಹೋಗುತ್ತೇನೆ. ಮಧ್ಯಾಹ್ನ ಒಂದೊಂದು ಪುಸ್ತಕದಲ್ಲೂ ಏನಿದೆ ಎಂದು ಹೇಳುತ್ತೇನೆ. ಕೇಳಿ ನೆನಪಿಟ್ಟುಕೊಂಡು, ಕೊಳ್ಳಲು ಬಂದವರಿಗೆ ತಾನೇ ಓದಿದವಳ ಹಾಗೆ ಹೇಳುತ್ತಾಳೆ. ಮೊನ್ನೆ ಒಬ್ಬನಿಗೆ, "ಕೊನೆ ಚೆನ್ನಾಗಿಲ್ಲ, ಆದ್ರೂ ತಗೊಳ್ಳಿ" ಅಂದಳು. ತೆಗೆದುಕೊಂಡ. (ಅವಳ ಹರಕು ಇಂಗ್ಲಿಷನ್ನು ನಿನಗೆ ನಮ್ಮ ಮಾತಿನಲ್ಲೇ ಬರೆಯುತ್ತೇನೆ.) ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅಕ್ಕ ಎಂದು ಕರೆಯಬಹುದಿತ್ತು, ನಿನಗೆ ಹೊಟ್ಟೆಕಿಚ್ಚಾದೀತೆಂದು ಬಿಟ್ಟಿದ್ದೇನೆ.

ಅವಳಿಗೆ ಏಳು ವರ್ಷದ ಮಗಳಿದ್ದಾಳೆ. ಮೂಗಿನ ತುದಿಯಲ್ಲೇ ಸಿಟ್ಟು. ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಾಳೆ. ಯಾರಾದರೂ ಕ್ಯಾಮೆರಾ ಎತ್ತಿದರೆ ತಾಯಿ ಒಂದು ಮಾತನ್ನೂ ಆಡುವುದಿಲ್ಲ, ಎದ್ದು ಮಗಳ ಮುಂದೆ ನಿಂತು ಗೋಡೆ ಕಡೆ ಮುಖ ತಿರುಗಿಸುತ್ತಾಳೆ. ಯಾಕೆಂದು ನಾನು ಕೇಳಿರಲಿಲ್ಲ. ಕಳೆದ ವಾರ ತಾನಾಗಿಯೇ ಹೇಳಿದಳು. ಎರಡು ದಿನದ ಬಸ್ ದಾರಿಯಾಚೆಗಿನ ದೊಡ್ಡ ಊರಿನಲ್ಲಿ ಅವಳ ಗಂಡನ ಮನೆ. ಅಲ್ಲಿ ಅತ್ತೆ ಹಿಡಿದುಕೊಂಡರೆ ಗಂಡ ಹೊಡೆಯುವುದಂತೆ. ಎಡಗೈ ಮಣಿಕಟ್ಟು ಮುರಿದು ವಾರೆಯಾಗಿ ಕೂಡಿಕೊಂಡಿದೆ. ಪುಸ್ತಕ ಎತ್ತುವಾಗ ನಾನು ನೋಡಿದ್ದೆ. ವರ್ಷದ ಮಗುವನ್ನು ಎತ್ತಿಕೊಂಡು ಹೊರಬಿದ್ದವಳು ಈ ಊರಿನ ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆದು ಬದುಕಿದಳು. ಮಾತು ಕಲಿತದ್ದು ಅಲ್ಲಿ, ಬಿಟ್ಟುಹೋದ ಪುಸ್ತಕಗಳನ್ನು ಕೂಡಿಟ್ಟದ್ದೂ ಅಲ್ಲಿ. ಆರು ವರ್ಷವಾಯಿತು, ಅವಳು ಎಲ್ಲಿದ್ದಾಳೆಂದು ಆ ಕಡೆಯ ಒಬ್ಬರಿಗೂ ಗೊತ್ತಿಲ್ಲ.

ಇದೆಲ್ಲ ಗೊತ್ತಾದ ಮೇಲೂ ನಾನು ಕೇಳಿದೆ, ಅಕ್ಕ. ನಿನ್ನ ಒಂದು ಚಿತ್ರ ತೆಗೆಯಲೇ ಎಂದು. ಒಂದು ದಿನವಿಡೀ ಯೋಚಿಸಿದಳು. ಮರುದಿನ ಹೇಳಿದಳು: "ತೆಗಿ. ಆದರೆ ಅದು ನಿನ್ನ ಹತ್ತಿರ ಇರಬೇಕು. ಪೇಪರಿಗೆ ಹಾಕಬಾರದು. ಮಗಳದ್ದು ತೆಗೀಬಾರದು." ಆಗಲಿ ಎಂದೆ. ಕೈ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಪೆಟ್ಟಿಗೆಗಳ ನಡುವೆ ಕೂತಳು. ಮೇಲಿನ ಕಿಂಡಿಯಿಂದ ಬಿಸಿಲು ನೇರ ಮುಖದ ಮೇಲೆ. ಯಾರೂ ಅವಳನ್ನು ಹಾಗೆ ಕೂರಿಸಿ ನೋಡಿರಲಿಲ್ಲವೇನೋ. ಕ್ಯಾಮೆರಾವನ್ನಲ್ಲ, ಅದರ ಹಿಂದಿದ್ದ ನನ್ನನ್ನು ನೋಡುತ್ತಿದ್ದಳು.

ತೊಳೆಸಿದ ಫಿಲ್ಮ್ ಸುರುಳಿ ಕಳಿಸುತ್ತಿದ್ದೇನೆ. ಒಂಬತ್ತನೆಯ ಚಿತ್ರ ಅವಳದು. ಅದು ಅಚ್ಚಿಗಲ್ಲ, ನಿನಗೆ ಮಾತ್ರ. ನಾನು ಇದುವರೆಗೆ ತೆಗೆದದ್ದರಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಬೇಕಾದರೆ ನಿನ್ನ ಸಂಪಾದಕರಿಗೂ ತೋರಿಸು, ತೋರಿಸುವುದಕ್ಕೇನು. ನನಗೆ ಮುಖ ತೆಗೆಯಲು ಬರುತ್ತದೆ ಎಂದು ಅವರಿಗೂ ಗೊತ್ತಾಗಲಿ. ಅಚ್ಚಿಗೆ ದರ್ಜಿಯದಿದೆ, ಹಣ್ಣಿನವನದಿದೆ, ಇಬ್ಬರೂ ಒಪ್ಪಿದ್ದಾರೆ. ಲೇಖನವೂ ಇದರ ಜತೆಗಿದೆ. ದಾರಿ ನೀನು ಹೇಳಿದ ಹಾಗೆ ಬರೆದಿದ್ದೇನೆ.

ನಾಳೆ ಹೊರಡುತ್ತೇನೆ. ಬರೆಯುವುದಾದರೆ ಮುಂದಿನ ಊರಿನ ಅಂಚೆ ಕಚೇರಿಗೆ ಬರೆ.

ನಿನ್ನ ಪುಟ್ಟಿ


ಮಾರ್ಚ್ ೨

ಪುಟ್ಟೀ,

ಸುರುಳಿ, ಲೇಖನ ಎರಡೂ ಬಂದವು. ಒಂಬತ್ತನೆಯದನ್ನು ನೋಡಿದೆ. ತುಂಬಾ ಹೊತ್ತು ನೋಡಿದೆ.

ಸಂಪಾದಕರಿಗೆ ಖುಷಿಯಾಗಿದೆ. ಹತ್ತೂ ಊರು ಮುಗಿಸಲಿ ಎಂದಿದ್ದಾರೆ, ಮುಂದಿನ ವರ್ಷ ಇನ್ನೊಂದು ಸರಣಿಯಂತೆ. ನಿನ್ನ ಪ್ರಯಾಣದ ಖರ್ಚನ್ನೂ ಹೆಚ್ಚಿಸಿದ್ದಾರೆ. ಇನ್ನು ಮೇಲೆ ಕಿಟಕಿ ಮುಚ್ಚಿದರೂ ಕೆಮ್ಮು ಕೇಳದ ಕೋಣೆ ಹಿಡಿ.

ಇಲ್ಲಿ ಬಿಸಿಲು ಶುರುವಾಗಿದೆ. ಭಾವನಿಗೆ ಬೆನ್ನುನೋವು. ಮತ್ತೇನೂ ಹೊಸದಿಲ್ಲ. ಕೆಲಸ ಬಹಳ, ಅದಕ್ಕೇ ಚುಟುಕಾಗಿ ಬರೆಯುತ್ತಿದ್ದೇನೆ.

ಅಕ್ಕ


ಏಪ್ರಿಲ್ ೧೨

ಅಕ್ಕ,

ಇಂದು ಬೆಳಗ್ಗೆ ಹಣ ಬದಲಾಯಿಸಲು ಇಲ್ಲಿನ ದೊಡ್ಡ ಹೋಟೆಲಿಗೆ ಹೋಗಿದ್ದೆ. ಕೌಂಟರಿನ ಮೇಲೆ ನಿಮ್ಮ ಪತ್ರಿಕೆಯ ಹೊಸ ಸಂಚಿಕೆ ಹತ್ತಿಪ್ಪತ್ತು ಪ್ರತಿ ಜೋಡಿಸಿಟ್ಟಿದ್ದರು. ಇಪ್ಪತ್ತರಲ್ಲೂ ಅವಳು ನನ್ನನ್ನೇ ನೋಡುತ್ತಿದ್ದಳು.

ಮುಖಪುಟ, ಅಕ್ಕ. ಒಳಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಹಾಕಿದ್ದರೆ ಕಣ್ತಪ್ಪಿತು ಎಂದು ನಂಬುತ್ತಿದ್ದೆನೇನೋ. ಕೆಳಗೆ ಊರಿನ ಹೆಸರು. ನಿಲ್ದಾಣದಿಂದ ಎಡಕ್ಕೆ, ಮೂರನೇ ತಿರುವು, ದರ್ಜಿ ಅಂಗಡಿಯ ಮೆಟ್ಟಿಲು. ಅದನ್ನು ಬರೆದವಳು ನಾನು, ಕತ್ತರಿಸಿ ಮುಖಪುಟಕ್ಕೆ ತಂದವಳು ನೀನು. ಅಷ್ಟು ಚೊಕ್ಕ ವಾಕ್ಯ ಆ ಕಚೇರಿಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ಅಚ್ಚಿಗಲ್ಲ ಎಂದು ಬರೆದಿದ್ದೆ. ನಿನಗೆ ಕನ್ನಡ ಮರೆತುಹೋಗಿದೆಯೇ?

ಅವಳಿಗೆ ಹೇಗೆ ತಿಳಿಸಲಿ? ಅವಳಿಗೆ ಓದಲು ಬರುವುದಿಲ್ಲ. ದರ್ಜಿಗೆ ಇಂಗ್ಲಿಷ್ ಬಾರದು, ಅವರ ಭಾಷೆ ನನಗೆ ಬಾರದು. ಉಳಿದಿರುವ ಪ್ರತಿಗಳನ್ನು ಅಂಗಡಿಗಳಿಂದ ವಾಪಸು ತರಿಸು. ಸಂಪಾದಕರ ಕಾಲು ಹಿಡಿದಾದರೂ ತರಿಸು. ಇಲ್ಲಿ ಹತ್ತು ದಿನದ ಕೆಲಸವಿದೆ, ಮುಗಿಸಿದ ಕೂಡಲೇ ನಾನು ಅಲ್ಲಿಗೆ ಹೋಗುತ್ತೇನೆ. ಆ ಲಾಡ್ಜಿನ ವಿಳಾಸಕ್ಕೆ ಬರೆ.

ತಂಗಿ


ಏಪ್ರಿಲ್ ೨೫

ಪುಟ್ಟೀ,

ನಿನ್ನ ಪತ್ರ ಕಚೇರಿಯ ವಿಳಾಸಕ್ಕೆ ಬಂತು. ನಾಲ್ಕು ಜನರೆದುರು ಒಡೆದು ಓದಿದೆ. ಮುಂದೆ ಮನೆಗೆ ಬರೆ.

ಪ್ರತಿಗಳನ್ನು ವಾಪಸು ತರಿಸಲು ಆಗುವುದಿಲ್ಲ. ಮೂವತ್ತು ಊರುಗಳಿಗೆ ಹೋಗಿವೆ. ಕೇಳಿದೆ. ನನ್ನ ಮುಖ ನೋಡಿ, "ಮೈ ಹುಷಾರಿಲ್ವಾ" ಅಂದರು.

ನೀನು ತೋರಿಸು ಎಂದೆ, ತೋರಿಸಿದೆ. ಅವರು ನೋಡಿದರು, ಬೇಕು ಅಂದರು. ಸಂಪಾದಕರು ಅವರು, ನಾನಲ್ಲ. ನಿನಗೆ ಅಷ್ಟು ಭಯವಿದ್ದರೆ ಒಂಬತ್ತನೆಯದನ್ನು ಕಳಿಸಿದ್ದೇಕೆ? ಕತ್ತರಿಸಿ ನಿನ್ನ ಚೀಲದಲ್ಲಿ ಇಟ್ಟುಕೊಳ್ಳಬಹುದಿತ್ತು. "ಇದಕ್ಕಿಂತ ಒಳ್ಳೆಯದು ಇಲ್ಲ" ಎಂದು ಬರೆದವಳು ಯಾರು? ಹೊಗಳಲಿ ಎಂಬ ಆಸೆ ನಿನಗಿರಲಿಲ್ಲವೇ? ಆಸೆ ನಿನ್ನದು, ಕೈ ಕೆಸರಾಗುವುದು ನನ್ನದು. ಚಿಕ್ಕಂದಿನಿಂದ ಹೀಗೆಯೇ. ನೀನು ಶಾಲೆಯಲ್ಲಿ ಹೆಡ್‌ಮಾಸ್ತರ ಮುಖದ ಮೇಲೆ ರಾಜೀನಾಮೆ ಎಸೆದು ಬಂದೆ, ದೊಡ್ಡ ಮನುಷ್ಯಳಾದೆ. ಎಂಟು ತಿಂಗಳು ಭಾವನ ಮಾತು ಕೇಳಿಸಿಕೊಂಡವಳು ನಾನು. ನಿನಗೆ ಕೇಳಿಸಿದ್ದು ಊಟದ ಹೊತ್ತಿನದು ಮಾತ್ರ.

ಇಷ್ಟಕ್ಕೂ ಏನಾಗುತ್ತದೆ? ಹೆಂಡತಿಗೆ ಹೊಡೆಯುವವನು ಇಂಗ್ಲಿಷ್ ಪ್ರವಾಸಿ ಪತ್ರಿಕೆ ತರಿಸಿ ಓದುತ್ತಾನೆಯೇ? ಅವಳ ಅಂಗಡಿಗೆ ನಾಲ್ಕು ಜನ ಹೆಚ್ಚು ಬರುತ್ತಾರೆ, ಅಷ್ಟೇ. ನೀನು ಹೋಗಿ ನೋಡು, ಅವಳೇ ನಿನಗೆ ಕೈಮುಗಿದಾಳು.

ನನ್ನನ್ನು ಸಹಸಂಪಾದಕಿ ಮಾಡಿದ್ದಾರೆ. ಬೇರೆ ಪತ್ರದಲ್ಲಿ ಬರೆಯೋಣವೆಂದಿದ್ದೆ.

ಅಕ್ಕ


ಮೇ ೯

ಅಕ್ಕ,

ನೀನು ಹೇಳಿದ್ದು ನಿಜವಾಯಿತು. ಅಂಗಡಿಗೆ ಹೆಚ್ಚು ಜನ ಬಂದರು.

ನಾನು ಮಂಗಳವಾರ ತಲುಪಿದೆ. ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆಗಳು ಹಾಗೇ ಇದ್ದವು, ಮೇಲೊಂದು ಹಾಸಿಗೆ ಬಟ್ಟೆ ಹೊದಿಸಿತ್ತು. ದರ್ಜಿ ನನ್ನನ್ನು ನೋಡಿದವನೇ ಹೊಲಿಗೆ ಯಂತ್ರ ನಿಲ್ಲಿಸಿ, ಅವಳ ಕೋಣೆಯ ಕಡೆ ಕೈ ತೋರಿಸಿದ. ಏನೂ ಕೇಳಲಿಲ್ಲ.

ಒಳಗೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಟ್ಟಿದ ಎರಡು ಗಂಟು. ನಡೆದದ್ದನ್ನು ಬೇರೆಯವರ ಕಥೆ ಹೇಳುವ ಹಾಗೆ ಹೇಳಿದಳು. ಕಳೆದ ತಿಂಗಳು ಪ್ರವಾಸಿಗಳು ಪತ್ರಿಕೆ ಹಿಡಿದು ಬರತೊಡಗಿದರಂತೆ. ಮೊದಲು ಬಂದವಳು ಮುಖಪುಟದ ಮೇಲೆ ಸಹಿ ಕೇಳಿದಳಂತೆ. ಅವತ್ತೇ ಇವಳಿಗೆ ಗೊತ್ತಾದದ್ದು. ಆ ಸಂಜೆಯೇ ಊರು ಬಿಡಬೇಕೆಂದು ಗಂಟು ಕಟ್ಟಿದಳು. ಮಗಳ ಪರೀಕ್ಷೆ ಮುಗಿಯಲು ಒಂದು ವಾರವಿತ್ತು. ಮಗು ಅತ್ತಿತು. ಒಂದು ವಾರ ತಾನೇ ಎಂದು ನಿಂತಳು.

ಗಂಡನ ಅಣ್ಣ ಅವರ ಊರಿನ ದೊಡ್ಡ ಹೋಟೆಲಿನಲ್ಲಿ ಕಾರು ಓಡಿಸುತ್ತಾನೆ. ಯಾರೋ ಪ್ರವಾಸಿ ಹಿಂದಿನ ಸೀಟಿನಲ್ಲಿ ಪತ್ರಿಕೆ ಬಿಟ್ಟುಹೋಗಿದ್ದಾನೆ. ಓದಲು ಬರಬೇಕಾಗಿರಲಿಲ್ಲ, ಅಕ್ಕ. ಮುಖ ಸಾಕಾಯಿತು. ಉಳಿದದ್ದನ್ನು ಹೋಟೆಲಿನವರು ಓದಿ ಹೇಳಿದರು, ಎಡಕ್ಕೆ ಮೂರನೇ ತಿರುವು ಎಂದು. ನಾನು ಬರುವ ಮುಂಚಿನ ಶುಕ್ರವಾರ ಅಣ್ಣತಮ್ಮ ಇಬ್ಬರೂ ಬಂದು, ಶಾಲೆಯ ಗೇಟಿನಲ್ಲಿ ಕಾದು ಮಗುವನ್ನು ಕಾರಿಗೆ ಹಾಕಿಕೊಂಡು ಹೋದರು. ಇವಳನ್ನು ಮಾತನಾಡಿಸಲೂ ಇಲ್ಲ. ಮಗು ಹೋದರೆ ತಾಯಿ ತಾನಾಗಿಯೇ ಬರುತ್ತಾಳೆಂದು ಅವರಿಗೆ ಗೊತ್ತು.

ಪೊಲೀಸರು ಮೊದಲು ಮಗುವಿನ ಫೋಟೊ ಕೇಳಿದರಂತೆ. ಇಲ್ಲ. ಒಂದೂ ಇಲ್ಲ. ಆಮೇಲೆ ಯಾರು ಕರೆದುಕೊಂಡು ಹೋದರೆಂದು ಕೇಳಿ, ಬರೆಯುತ್ತಿದ್ದ ಪುಸ್ತಕ ಮುಚ್ಚಿದರು. ಅಪ್ಪನ ಮನೆಗೆ ಹೋದ ಮಗು ಕಳೆದುಹೋದ ಮಗು ಅಲ್ಲವಂತೆ.

ನಾನು ಬೇಡಿಕೊಂಡೆ. ನನ್ನ ಅಕ್ಕನಿಗೆ ಮಾತ್ರ ಕಳಿಸಿದ್ದೆ, ನನಗೆ ಗೊತ್ತಿರಲಿಲ್ಲ, ಅಚ್ಚು ಮಾಡಬೇಡ ಎಂದು ಬರೆದಿದ್ದೆ. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ದಿನಾ ಹತ್ತು ಜನ ಕೇಳದೇ ತೆಗೆಯೋಕೆ ಬರ್ತಾರೆ" ಅಂದಳು. "ನಾನು ಮುಖ ತಿರುಗಿಸ್ತೀನಿ, ಅವರು ಹೋಗ್ತಾರೆ. ಆರು ವರ್ಷ ಒಬ್ಬರಿಗೂ ಸಿಗಲಿಲ್ಲ. ನೀನು ಕೇಳಿದೆ. ಅದಕ್ಕೇ ಕೂತೆ."

ಪಕ್ಕದ ಗಂಟನ್ನು ಇನ್ನಷ್ಟು ಬಿಗಿದು ಮತ್ತೆ ಅವಳೇ ಕೇಳಿದಳು.

"ಬೇಡ ಅಂದಿದ್ದನ್ನ ನೆನಪಿಟ್ಟುಕೊಳ್ಳೋಕೆ ಆಗಲ್ಲ ಅಂದ್ರೆ, ಕೇಳಿದ್ದು ಯಾಕೆ?"

ಇನ್ನೊಂದನ್ನೂ ಬರೆಯಬೇಕು. ಹೋಟೆಲಿನಲ್ಲಿ ಪತ್ರಿಕೆ ನೋಡಿದ ದಿನವೇ ನಾನು ಹೊರಟಿದ್ದರೆ ಶುಕ್ರವಾರಕ್ಕೆ ಐದಾರು ದಿನ ಮೊದಲೇ ತಲುಪುತ್ತಿದ್ದೆ. ಅವರಿಬ್ಬರನ್ನೂ ಬಸ್ಸಿಗೆ ಹತ್ತಿಸುತ್ತಿದ್ದೆ. ನಾನು ನಿನಗೆ ಸಿಟ್ಟಿನ ಪತ್ರ ಬರೆದು, ಹತ್ತು ದಿನದ ಕೆಲಸ ಮುಗಿಸಿಕೊಂಡು, ಲೇಖನವನ್ನು ಅಂಚೆಗೆ ಹಾಕಿಯೇ ಹೊರಟೆ. ಅದು ನಿನಗೆ ತಲುಪಿರಬೇಕು. ಅದರಲ್ಲೂ ದಾರಿ ಸರಿಯಾಗಿ ಬರೆದಿದ್ದೇನೆ.

ತಂಗಿ


ಮೇ ೨೮

ಪುಟ್ಟೀ,

ಎರಡು ದಿನ ಏನೂ ಬರೆಯಲಾಗಲಿಲ್ಲ. ಈಗ ಬರೆಯುವುದನ್ನು ಓದಿ ಹರಿದುಹಾಕು.

ಹಿಂದಿನ ಪತ್ರದಲ್ಲಿ ಸಂಪಾದಕರ ಮೇಲೆ ಹಾಕಿದ್ದೆ. ಆದದ್ದು ಹೀಗೆ. ಅವರ ಮೇಜಿನ ಮೇಲೆ ನಿನ್ನ ಚಿತ್ರಗಳನ್ನು ಹರಡಿದೆ. ಒಂಬತ್ತನೆಯದನ್ನು ನನ್ನ ಖಾನೆಯಲ್ಲಿ ಇಟ್ಟು ಹೋಗಬಹುದಿತ್ತು, ಇಡಲಿಲ್ಲ. ಉಳಿದವನ್ನು ಅವರು ಕೈಯಿಂದ ಆಚೆ ಸರಿಸಿದರು. ಆಮೇಲೆ ನನ್ನನ್ನು ಕೇಳಿದರು: "ಇದಕ್ಕೆ ಆಯಮ್ಮನ ಒಪ್ಪಿಗೆ ಇದೆ ತಾನೇ?" ನಾನು, "ನನ್ನ ತಂಗಿ ಕೇಳದೇ ಯಾರ ಚಿತ್ರವನ್ನೂ ತೆಗೆಯಲ್ಲ ಸರ್" ಅಂದೆ.

ಸುಳ್ಳಲ್ಲ ಅಲ್ಲವೇ? ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ನಾನೇ ಹಾಗೆ ಹೇಳಿಕೊಂಡೆ. ಸುಳ್ಳಲ್ಲ, ಸುಳ್ಳಲ್ಲ ಎಂದು.

ನಡೆದದ್ದನ್ನು ಅವರಿಗೆ ಹೇಳಿದ್ದೇನೆ. ಬಹಳ ನೊಂದುಕೊಂಡರು. ಆಮೇಲೆ, ನೀನು ಅದನ್ನೇ ಬರೆದುಕೊಟ್ಟರೆ ಆಗಸ್ಟ್ ಸಂಚಿಕೆಗೆ ಹಾಕಬಹುದು ಅಂದರು. ತಾಯಿಯ ಇನ್ನೊಂದು ಚಿತ್ರ ಸಿಕ್ಕರೆ ಒಳ್ಳೆಯದಂತೆ. ಹಣ ಚೆನ್ನಾಗಿ ಕೊಡುತ್ತಾರೆ, ಅದು ಅವಳ ವಕೀಲರಿಗೆ ಆಗಬಹುದು. ನಾನು ಹ್ಞೂಂ ಎನ್ನಲಿಲ್ಲ. ಉಹ್ಞೂಂ ಎಂದೂ ಹೇಳಲಿಲ್ಲ, ನಿನ್ನನ್ನು ಕೇಳದೇ ಹೇಗೆ ಹೇಳಲಿ?

ಮನೆಗೆ ಬಾ. ಇಸ್ತ್ರಿ ಮೇಜನ್ನು ನಾನೇ ಹೊರಗೆ ಹಾಕಿದ್ದೇನೆ.

ಅಕ್ಕ


ಜೂನ್ ೧೭

ಅಕ್ಕ,

ಬರೆದುಕೊಡುವುದಿಲ್ಲ. ಚಿತ್ರವೂ ಇಲ್ಲ. ಉಳಿದ ಊರುಗಳಿಗೂ ಹೋಗುವುದಿಲ್ಲ, ಸಂಪಾದಕರಿಗೆ ನೀನೇ ತಿಳಿಸು. ಮೆಟ್ಟಿಲಿನ ಅಂಗಡಿಯಿದ್ದ ಈ ಊರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ. ಮನೆಗೆ ಬಾ ಎಂದು ಮತ್ತೆ ಬರೆಯಬೇಡ. ಬಂದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಎರಡು ದಿನದಲ್ಲಿ ಇಬ್ಬರಿಗೂ ಹಗುರಾಗುತ್ತದೆ. ಹಗುರಾಗುವುದು ನನಗೆ ಬೇಡ. ತಪ್ಪೆಲ್ಲ ನಿನ್ನದೇ ಎಂದು ನಾನು ಹೇಳುತ್ತಿಲ್ಲ. ನೀನು ಬರೆದದ್ದನ್ನು ಹರಿದಿಲ್ಲ, ನಿನಗೆ ಬರೆದ ಪತ್ರಗಳ ಕರಡುಗಳ ಜತೆಗೇ ಇಟ್ಟಿದ್ದೇನೆ. ಅಕ್ಕಪಕ್ಕ ಇಟ್ಟು ಓದಿದರೆ ಯಾವುದು ಯಾರ ಕೈಬರಹವೆಂದು ಗುರುತು ಸಿಗುವುದಿಲ್ಲ.

ಅವಳ ವಿಷಯ ಹೇಗೆ ಮುಗಿಯಿತೆಂದು ನಿನಗೆ ತಿಳಿದಿರಬೇಕು.

ವಕೀಲರ ಬಳಿ ಹೋಗಿದ್ದೆವು. ವರ್ಷಗಟ್ಟಲೆ ಆಗುತ್ತದೆ ಅಂದರು, ಮಗು ಬಿಟ್ಟು ಓಡಿಬಂದವಳು ನೀನಲ್ಲ ಎಂದು ತೋರಿಸಲು ಕಾಗದ ಏನಿದೆ ಎಂದು ಕೇಳಿದರು. ಅವಳಲ್ಲಿ ಕಾಗದವೆಂದು ಇದ್ದದ್ದು ಆ ಮುನ್ನೂರು ಪುಸ್ತಕಗಳು. ಇಬ್ಬರೂ ಹೊರಗೆ ಬಂದೆವು. "ವರ್ಷ ಅಂದ್ರೆ ಅವಳಿಗೆ ಎಂಟಾಗುತ್ತೆ" ಅಂದಳು. ಆ ಮನೆಗೇ ವಾಪಸು ಹೋಗುತ್ತೇನೆ ಎಂದಳು. ಬೇಡವೆನ್ನಲು ನನಗೆ ಬಾಯಿ ಎಲ್ಲಿದೆ? ಆದರೂ ಅಂದೆ. ಪುಸ್ತಕಗಳನ್ನು ರದ್ದಿಯವನು ತೂಕಕ್ಕೆ ತೆಗೆದುಕೊಂಡು ಹೋದ. ಬಣ್ಣ ಬಣ್ಣ ಬೇರೆ ಮಾಡಿಯೇ ಕಟ್ಟಿಕೊಟ್ಟಳು, ರದ್ದಿಗೆ ಯಾವ ಬಣ್ಣ?

ಎರಡು ದಿನದ ಬಸ್ಸಿನಲ್ಲಿ ನಾನೂ ಜತೆಗೆ ಹೋದೆ. ಬೇಡವೆಂದಳು, ಆದರೂ ಹತ್ತಿದೆ. ಅವಳು ಕಿಟಕಿ ಪಕ್ಕ, ನಾನು ಹಿಂದಿನ ಸಾಲಿನಲ್ಲಿ. ದಾರಿಯಲ್ಲಿ ಒಂದೇ ಸಲ ತಿರುಗಿ ಮಾತಾಡಿದಳು, ಕುಡಿಯುವ ನೀರಿದೆಯೇ ಎಂದು.

ಆ ಮನೆ ಕಿರಿದಾದ ಬೀದಿಯಲ್ಲಿದೆ. ಬಣ್ಣ ಹೊಡೆದು ಬಹಳ ದಿನವಾಗಿರಲಿಲ್ಲ. ಮಧ್ಯಾಹ್ನದ ಹೊತ್ತು, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಅತ್ತೆ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಬರುತ್ತಾಳೆಂದು ಗೊತ್ತಿದ್ದವಳ ಹಾಗೆ. ಎದ್ದು ಜಾಗ ಬಿಡಲಿಲ್ಲ. ಇವಳು ಗಂಟು ಹಿಡಿದು ಬಿಸಿಲಿನಲ್ಲಿ ನಿಂತಳು. ಹತ್ತು ನಿಮಿಷ, ಹದಿನೈದು ನಿಮಿಷ. ನಾನು ಬೀದಿಯ ಆಚೆ ಬದಿಯಲ್ಲಿದ್ದೆ. ಹತ್ತಿರ ಹೋದಾಗ ತಿರುಗದೆಯೇ ಮೆಲ್ಲಗೆ ಹೇಳಿದಳು: "ನೀನು ಹೋಗು. ನೀನು ನೋಡ್ತಿರೋವರೆಗೂ ಅವರು ನನ್ನನ್ನ ಹೊರಗೇ ನಿಲ್ಲಿಸ್ತಾರೆ."

ಬೀದಿಯ ತುದಿಯವರೆಗೆ ಹೋಗಿ ತಿರುಗಿ ನೋಡಿದೆ. ಆಗ ಮಗು ಹೊರಗೆ ಬಂದಿತ್ತು. ಕೂದಲು ಕತ್ತರಿಸಿದ್ದರು. ಅಮ್ಮನ ಸೊಂಟ ಹಿಡಿದು ಮುಖ ಹುದುಗಿಸಿ ನಿಂತಿತ್ತು. ಅತ್ತೆ ಕುರ್ಚಿ ಸರಿಸಿದಳು. ಇಬ್ಬರೂ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು, ಬೀದಿಯವರು ಇಣುಕುತ್ತಿದ್ದರು, ನಾನೂ ನೋಡುತ್ತಿದ್ದೆ. ಅತ್ತೆ ಅದನ್ನು ಮುಚ್ಚಲಿಲ್ಲ, ಒಳಗಿದ್ದ ಗಂಡಸರೂ ಮುಚ್ಚಲು ಬರಲಿಲ್ಲ. ಅವಳೇ ಹಿಂದಕ್ಕೆ ಬಂದು, ಆ ವಾರೆ ಮಣಿಕಟ್ಟಿನ ಕೈಯಿಂದ ಬಾಗಿಲು ಎಳೆದುಕೊಂಡಳು.

ತಂಗಿ